ಮಣಿಕಟ್ಟಿನಿಂದ ಆಂಜಿಯೋಗ್ರಾಂ: ರಕ್ತನಾಳದ ದಾರಿ ಬೇರೆ ಇದೆ ಅಂತ ಗುರುತಿಸೋದು ಹೇಗೆ?

ರೇಡಿಯಲ್ ಆಂಜಿಯೋಗ್ರಾಂ, ಅಂದರೆ ಮಣಿಕಟ್ಟಿನ ರೇಡಿಯಲ್ ರಕ್ತನಾಳದ ಮೂಲಕ ಹೋಗಿ ಹೃದಯದ ನಾಳಗಳ ಚಿತ್ರ ತೆಗೆಯುವುದನ್ನು ಕಲಿಸುವಾಗ ಎಲ್ಲರ ಗಮನವೂ ಪಂಕ್ಚರ್ ಮೇಲೇ ಇರುತ್ತದೆ. ಸೂಜಿ ಎಷ್ಟು ಓರೆ ಇರಬೇಕು, ರಕ್ತ ಹೇಗೆ ಚಿಮ್ಮಬೇಕು, ಶೀತ್ (ನಾಳದ ಬಾಯಲ್ಲಿ ಇಡುವ ಸಣ್ಣ ಕೊಳವೆ) ಹೇಗೆ ಕೂರಿಸಬೇಕು, ಇಷ್ಟೇ. ಆದರೆ ಪಂಕ್ಚರ್ ಮೊದಲ ಸಲಕ್ಕೇ ಆಗಿ, ಶೀತ್ ಸರಾಗವಾಗಿ ಹೋಗಿ, ಆಮೇಲೆ ಮೊಣಕೈ ಹತ್ತಿರ ವೈರ್ (ನಾಳದೊಳಗೆ ಮೊದಲು ದಾರಿ ಹಿಡಿಯುವ ತೆಳು ತಂತಿ) ನಿಂತುಬಿಡುತ್ತದೆ ನೋಡಿ, ಅಲ್ಲಿ ಏನು ಮಾಡಬೇಕು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. "ಸ್ವಲ್ಪ ತಿರುಗಿಸಿ ನೋಡು", "ನಿಧಾನಕ್ಕೆ ತಳ್ಳು" ಅನ್ನುತ್ತಾರೆ. ಈ ಮಾರ್ಗದರ್ಶಿ ಆ ನಿಲುಗಡೆಯ ಬಗ್ಗೆ.

ಇದು ಕಾರ್ಡಿಯಾಲಜಿ ತರಬೇತಿಯಲ್ಲಿರುವ ವೈದ್ಯರಿಗೆ, ಆಂಜಿಯೋಗ್ರಾಂ ಮಾಡುವ ಕೋಣೆಯಾದ ಕ್ಯಾಥ್ ಲ್ಯಾಬ್‌ನ ಟೆಕ್ನಿಷಿಯನ್ ಮತ್ತು ನರ್ಸ್‌ಗಳಿಗೆ ಬರೆದದ್ದು. ಅನುಭವಿಗಳು ಪಕ್ಕದಲ್ಲಿ ನಿಂತಿರುವಾಗ ಕಲಿಯಬೇಕಾದ ಕೆಲಸ ಇದು. ಓದಿದ ಮಾತ್ರಕ್ಕೆ ಕೈ ಕುದುರುವುದಿಲ್ಲ. ಆಂಜಿಯೋಗ್ರಾಂ ಮಾಡಿಸಿಕೊಳ್ಳಲಿರುವವರು ಓದುತ್ತಿದ್ದರೆ ಹೆದರಬೇಡಿ. ಇಲ್ಲಿ ಹೇಳುವ ವ್ಯತ್ಯಾಸಗಳಲ್ಲಿ ಬಹುಪಾಲು ಹುಟ್ಟಿನಿಂದ ಬಂದವು ಅಥವಾ ವಯಸ್ಸಿನಿಂದ ಆದವು. ಅವುಗಳಿಂದ ದಿನದ ಬದುಕಿಗೆ ಸಾಮಾನ್ಯವಾಗಿ ಏನೂ ತೊಂದರೆ ಇಲ್ಲ. ಕ್ಯಾಥೆಟರ್ (ವೈರ್ ಮೇಲೆ ಹೃದಯದವರೆಗೆ ಹೋಗುವ ಉದ್ದ ನಳಿಕೆ) ಹಾಕುವಾಗ ಮಾತ್ರ ಅವು ಎದುರಾಗುತ್ತವೆ.

ಎಷ್ಟು ಜನರಲ್ಲಿ ಹೀಗಿರುತ್ತದೆ?

ಮಣಿಕಟ್ಟಿನ ದಾರಿ ಹಳೆಯದೇನಲ್ಲ. 1989ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಲೂಸಿಯೆನ್ ಕ್ಯಾಂಪೋ ಅವರು ಈ ದಾರಿಯಲ್ಲಿ ಮಾಡಿದ 100 ಆಂಜಿಯೋಗ್ರಾಂಗಳ ಅನುಭವ ಪ್ರಕಟಿಸಿದರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫರ್ಡಿನಾಂಡ್ ಕೀಮೆನೈ ಇದೇ ದಾರಿಯಲ್ಲಿ ಸ್ಟೆಂಟ್ ಹಾಕಿದರು. ತೊಡೆಸಂದಿಯಿಂದ ಮಾಡುವುದಕ್ಕಿಂತ ರಕ್ತಸ್ರಾವ ಕಮ್ಮಿ, ರೋಗಿ ಬೇಗ ಎದ್ದು ಓಡಾಡಬಹುದು. ಹಾಗಾಗಿ ಇವತ್ತು ಬೆಂಗಳೂರು, ಮೈಸೂರು, ಮಂಗಳೂರಿನ ಕ್ಯಾಥ್ ಲ್ಯಾಬ್‌ಗಳಲ್ಲಿ ಇದು ದಿನನಿತ್ಯದ ಕೆಲಸ.

ಬ್ರಿಟನ್‌ನಲ್ಲಿ 1540 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಪ್ರತಿಯೊಬ್ಬರಿಗೂ ಶೀತ್ ಹಾಕಿದ ತಕ್ಷಣ ಕೈಯ ರಕ್ತನಾಳದ ಚಿತ್ರ ತೆಗೆದಿದ್ದರು. 13.8% ಜನರಲ್ಲಿ ದಾರಿ ಸಾಮಾನ್ಯಕ್ಕಿಂತ ಬೇರೆ ಇತ್ತು. ಒಟ್ಟು ರೋಗಿಗಳಲ್ಲಿ ರೇಡಿಯಲ್ ಮಾಮೂಲಿ ಜಾಗಕ್ಕಿಂತ ಮೇಲಿನಿಂದಲೇ ಕವಲೊಡೆದವರು 7%, ಪೂರ್ತಿ ಸುತ್ತು ಇದ್ದವರು 2.3%, ಅತಿಯಾದ ಅಂಕುಡೊಂಕು ಇದ್ದವರು 2%. ನಾನು ಎಲ್ಲರಿಗೂ ಹೇಳುವ ಅಂಕಿ ಮುಂದಿನದು. ದಾರಿ ಸರಿ ಇದ್ದವರಲ್ಲಿ ಮಣಿಕಟ್ಟಿನಿಂದ ಕೆಲಸ ಆಗದೆ ಹೋದದ್ದು 0.9%. ದಾರಿ ಬೇರೆ ಇದ್ದವರಲ್ಲಿ 14.2%. ಸುತ್ತು ಇದ್ದವರಲ್ಲಂತೂ ಮೂರರಲ್ಲಿ ಒಂದಕ್ಕಿಂತ ಜಾಸ್ತಿ.

ಅಂದರೆ ಪಂಕ್ಚರ್ ಸರಿಯಾಗಿ ಆದ ಮೇಲೆ ಕೇಸ್ ಕೈಕೊಡುವುದಕ್ಕೆ ಈ ವ್ಯತ್ಯಾಸಗಳೇ ಬಹುಮುಖ್ಯ ಕಾರಣ. ಆದರೂ ಹೆಚ್ಚಿನ ಕಡೆ ಮೊದಲು ತಳ್ಳುತ್ತಾರೆ, ಆಮೇಲೆ ಚಿತ್ರ ತೆಗೆಯುತ್ತಾರೆ. ಇದು ತಿರುಗಬೇಕು. ವೈರ್ ತಡೆದರೆ ಮೊದಲು ಚಿತ್ರ. ಮೂರು ನಾಲ್ಕು ಮಿಲಿಲೀಟರ್ ಡೈ (ಎಕ್ಸ್‌ರೇಯಲ್ಲಿ ನಾಳ ಎದ್ದು ಕಾಣಲು ಬಿಡುವ ದ್ರವ), ಅರ್ಧ ನಿಮಿಷದ ಕೆಲಸ, ಅಷ್ಟೇ ಅಲ್ವಾ?

ಹಂತ 1: ಸರಿಯಾದ ದಾರಿ ಕಣ್ಣಲ್ಲಿ ಕೂರಲಿ

ಬೇರೆ ದಾರಿ ಗುರುತಿಸಬೇಕಾದರೆ ಸಾಮಾನ್ಯ ದಾರಿ ಮೊದಲು ಗೊತ್ತಿರಬೇಕು. ಅಂಗೈ ಮೇಲೆ ಮಾಡಿ ಕೈ ನೀಟಾಗಿ ಚಾಚಿದಾಗ ರೇಡಿಯಲ್ ಹೆಬ್ಬೆರಳಿನ ಕಡೆಯಿಂದ ಏರುತ್ತದೆ. ಮೊಣಕೈ ಹತ್ತಿರ ಬರುತ್ತಾ ನಿಧಾನವಾಗಿ ನಡುವಿಗೆ ಸರಿಯುತ್ತದೆ. ಮೊಣಕೈ ಮಡಿಕೆಯ ಸ್ವಲ್ಪ ಕೆಳಗೆ ಕಿರುಬೆರಳಿನ ಕಡೆಯ ನಾಳವಾದ ಅಲ್ನಾರ್ ಜೊತೆ ಕೂಡಿ ಬ್ರೇಕಿಯಲ್ ಆಗುತ್ತದೆ. ಬ್ರೇಕಿಯಲ್ ತೋಳಿನ ಒಳಮಗ್ಗುಲಲ್ಲಿ, ಅಂದರೆ ಎದೆಯ ಕಡೆಗೆ ಇರುವ ಬದಿಯಲ್ಲಿ ಏರಿ, ಕಂಕುಳಲ್ಲಿ ಆಕ್ಸಿಲರಿ, ಕಾಲರ್ ಮೂಳೆಯ ಕೆಳಗೆ ಸಬ್‌ಕ್ಲೇವಿಯನ್ ಅನ್ನಿಸಿಕೊಳ್ಳುತ್ತದೆ. ಬಲಗಡೆ ಅದು ಇನ್ನಾಮಿನೇಟ್ ಅನ್ನುವ ನಾಳದ ಮೂಲಕ, ಹೃದಯದಿಂದ ಹೊರಡುವ ಮುಖ್ಯ ನಾಳವಾದ ಅಯೋರ್ಟಾ ಸೇರುತ್ತದೆ.

ಫ್ಲೋರೋದಲ್ಲಿ (ಪರದೆಯ ಮೇಲೆ ಕಾಣುವ ನೇರ ಎಕ್ಸ್‌ರೇಯಲ್ಲಿ) ವೈರ್ ಹೋಗುವಾಗ ಎರಡು ಜಾಗ ನೋಡಿ. ಒಂದು, ಮೊಣಕೈಯಲ್ಲಿ ವೈರ್ ನಡುವಿಗೆ ಬಂತಾ? ಎರಡು, ತೋಳಿನಲ್ಲಿ ಅದು ಮೂಳೆಯ ಒಳಮಗ್ಗುಲಲ್ಲಿ ಇದೆಯಾ? ಈ ಎರಡಕ್ಕೂ ಹೌದು ಅಂತಾದರೆ ಹೆಚ್ಚಾಗಿ ನೀವು ಬ್ರೇಕಿಯಲ್‌ನಲ್ಲಿದ್ದೀರಿ. ವೈರ್ ಮೊಣಕೈ ದಾಟಿಯೂ ಹೊರಮಗ್ಗುಲಲ್ಲೇ ಉಳಿದಿದ್ದರೆ ಅಲ್ಲೇ ನಿಲ್ಲಿಸಿ.

ಇನ್ನೊಂದು ಸುಳಿವು, ತುದಿ ಜೆ ಅಕ್ಷರದ ಹಾಗೆ ಬಾಗಿರುವ ಜೆ ವೈರ್‌ನ ತುದಿ. ಅಗಲವಾದ ನಾಳಕ್ಕೆ ಬಂದ ಕೂಡಲೇ ತುದಿ ಬಾಗಿ ತನ್ನ ಆಕಾರಕ್ಕೆ ಮರಳುತ್ತದೆ. ಸಣ್ಣ ಕವಲಿನಲ್ಲಿ ಹೋಗುತ್ತಿದ್ದರೆ ಗೋಡೆಗಳು ಒತ್ತಿ ಹಿಡಿದು ಅದು ನೆಟ್ಟಗೇ ಇರುತ್ತದೆ. ತೋಳಿನ ನಡುಭಾಗಕ್ಕೆ ಬಂದರೂ ಜೆ ಬಾಗಲಿಲ್ಲ ಅಂದರೆ ಅನುಮಾನ ಬರಬೇಕು.

ಹಂತ 2: ಟೇಬಲ್‌ಗೆ ಮುಂಚೆ

ನಾಡಿ ಜೋರಾಗಿ ಸಿಗುತ್ತಿದೆ ಅಂದ ಮಾತ್ರಕ್ಕೆ ಮೇಲಿನ ದಾರಿ ಸರಿ ಇದೆ ಅಂತಲ್ಲ. ಅಲೆನ್ ಪರೀಕ್ಷೆ ಅಂಗೈಗೆ ಎರಡೂ ಕಡೆಯಿಂದ ರಕ್ತ ಬರುತ್ತಿದೆಯಾ ಅಂತ ಹೇಳುತ್ತದೆಯೇ ಹೊರತು ಮೊಣಕೈಯಲ್ಲಿ ಸುತ್ತು ಇದೆಯಾ ಅಂತ ಹೇಳುವುದಿಲ್ಲ. ಹೆಬ್ಬೆರಳಿನ ಬುಡದ ಹಳ್ಳದಿಂದ ಮಾಡುವ ಡಿಸ್ಟಲ್ ರೇಡಿಯಲ್ ಕೂಡ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಮೇಲೆ ಹೋದರೆ ಅದೇ ನಾಳ ತಾನೆ.

ಅಲ್ಟ್ರಾಸೌಂಡ್ ಇದ್ದರೆ ತಪ್ಪದೆ ಬಳಸಿಕೊಳ್ಳಿ. ಪ್ರೋಬ್ ಅಡ್ಡ ಹಿಡಿದು ಮಣಿಕಟ್ಟಿನಿಂದ ಮೊಣಕೈವರೆಗೆ ಸರಿಸುತ್ತಾ ಹೋಗಿ. ನಾಳ ಎಷ್ಟು ಅಗಲ, ಸುಣ್ಣ ಕಟ್ಟಿದೆಯಾ ಅಂತ ಕಾಣುತ್ತದೆ. ಮೊಣಕೈ ಕೆಳಗೆ ಒಂದೇ ಅಡ್ಡ ನೋಟದಲ್ಲಿ ನಾಳ ಎರಡು ಮೂರು ಸಲ ಕಂಡರೆ ಸುತ್ತು ಇರಬಹುದು. ಆಮೇಲೆ ತೋಳಿನ ನಡುಭಾಗಕ್ಕೆ ಹೋಗಿ. ಅಲ್ಲಿ ಸಾಮಾನ್ಯವಾಗಿ ಒಂದು ದೊಡ್ಡ ನಾಳ ಮಿಡಿಯಬೇಕು. ಗಮನಿಸುವಂಥ ಎರಡು ನಾಳ ಮಿಡಿಯುತ್ತಿದ್ದರೆ ರೇಡಿಯಲ್ ಮೇಲಿನಿಂದಲೇ ಕವಲೊಡೆದಿರಬಹುದು. ಒಂದೆರಡು ನಿಮಿಷ ಸಾಕು.

ಹಳೆಯ ಫೈಲ್ ನೋಡಿ. "ಹಿಂದೆ ಆಂಜಿಯೋಗ್ರಾಂ ಆಗಿತ್ತಾ? ಕೈಯಿಂದ ಶುರು ಮಾಡಿ ಕಾಲಿಗೆ ಬದಲಾಯಿಸಿದ್ರಾ?" ಅಂತ ಕೇಳಿ. ರೋಗಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಎತ್ತರ ಕಮ್ಮಿ ಇರುವ, ವಯಸ್ಸಾದ, ಬಹಳ ವರ್ಷದಿಂದ ಬಿಪಿ ಇರುವ ಹೆಂಗಸರಲ್ಲಿ ಅಂಕುಡೊಂಕು ಜಾಸ್ತಿ. ಅವರ ರೇಡಿಯಲ್ ಸಣ್ಣದು ಕೂಡ. ಇಂಥವರಿಗೆ 6 ಫ್ರೆಂಚ್ (ಫ್ರೆಂಚ್ ಅಂದರೆ ಕ್ಯಾಥೆಟರ್ ದಪ್ಪದ ಅಳತೆ) ಬದಲು 5 ಫ್ರೆಂಚ್‌ನಿಂದ ಶುರು ಮಾಡುವುದು ಒಳ್ಳೆಯದು.

ಇನ್ನೊಂದು ಪ್ರಶ್ನೆ ಕೇಳಲು ಅರ್ಧ ನಿಮಿಷವೂ ಬೇಡ: "ಗಟ್ಟಿ ಊಟ ನುಂಗುವಾಗ ಎದೆ ಮೇಲ್ಭಾಗದಲ್ಲಿ ಸಿಕ್ಕಿಕೊಂಡ ಹಾಗೆ ಆಗುತ್ತಾ?" ಇದು ಯಾಕೆ ಅಂತ ಹಂತ 6ರಲ್ಲಿ ಗೊತ್ತಾಗುತ್ತದೆ.

ಹಂತ 3: ತಡೆದರೆ ನಿಲ್ಲಿ, ಚಿತ್ರ ತೆಗೆಯಿರಿ

ಶೀತ್ ಹಾಕಿ, ನಿಮ್ಮ ಲ್ಯಾಬ್‌ನ ಪದ್ಧತಿಯಂತೆ ನಾಳ ಸಡಿಲಿಸುವ ನೈಟ್ರೋಗ್ಲಿಸರಿನ್ ಅಥವಾ ವೆರಾಪಮಿಲ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟಾಗಿದೆ. ವೈರ್ ಹೋಗುತ್ತಿದೆ. ಎಲ್ಲೋ ತಡೆಯಿತು.

ಮೊದಲು ವೈರನ್ನು ಸ್ವಲ್ಪ ಹಿಂದಕ್ಕೆ ಎಳೆಯಿರಿ. ಫ್ಲೋರೋ ಹಾಕಿ ತುದಿ ಎಲ್ಲಿದೆ ನೋಡಿ. ಒಂದು ಸಲ ತಿರುಗಿಸಿ ಪ್ರಯತ್ನಿಸಬಹುದು. ಎಷ್ಟೋ ಸಲ ವೈರ್ ಪಕ್ಕದ ಸಣ್ಣ ಕವಲಿಗೆ ತಾಗಿರುತ್ತದೆ, ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ. ಎರಡನೇ ಸಲವೂ ಅದೇ ಜಾಗದಲ್ಲಿ ತಡೆದರೆ ಅಲ್ಲಿಗೆ ಸಾಕು. ಇನ್ನು ತಳ್ಳಬಾರದು.

ಚಿತ್ರ ತೆಗೆಯುವ ಕ್ರಮ ಹೀಗಿದೆ:

1. ವೈರ್ ಹೊರಗೆ ತೆಗೆದು ಶೀತ್‌ನ ಪಕ್ಕದ ನಳಿಕೆಯಿಂದ ರಕ್ತ ಎಳೆಯಿರಿ. ರಕ್ತ ಸರಾಗವಾಗಿ ಬರಬೇಕು. ಬರದಿದ್ದರೆ ಡೈ ಬಿಡಲೇಬೇಡಿ.
2. ಡೈಯನ್ನು ಸಮಪಾಲು ಸಲೈನ್ ಅಥವಾ ರಕ್ತದ ಜೊತೆ ಬೆರೆಸಿ. ದಟ್ಟವಾದ ಡೈ ಸಣ್ಣ ನಾಳದಲ್ಲಿ ತುಂಬಾ ಉರಿಯುತ್ತದೆ.
3. ರೋಗಿಗೆ ಮೊದಲೇ ಹೇಳಿ: "ಅಮ್ಮ, ಕೈ ಒಂದು ಸ್ವಲ್ಪ ಬಿಸಿ ಆಗುತ್ತೆ, ಅಲ್ಲಾಡಿಸಬೇಡಿ." ಕೈ ಜಗ್ಗಿದರೆ ಚಿತ್ರವೂ ಹಾಳು, ನಾಳವೂ ಬಿಗಿಯುತ್ತದೆ.
4. ಗಾಳಿಗುಳ್ಳೆ ಇಲ್ಲ ಅಂತ ಖಚಿತ ಮಾಡಿಕೊಂಡು ನಿಧಾನವಾಗಿ 3ರಿಂದ 5 ಮಿಲಿಲೀಟರ್ ಬಿಡಿ. ಮೊಣಕೈ ಚಿತ್ರದ ನಡುವಿನಲ್ಲಿರಲಿ. ನಿಮ್ಮ ಕೈ ಎಕ್ಸ್‌ರೇ ಕಿರಣದೊಳಗೆ ಬರದಂತೆ ಕಿರಣದ ಅಗಲ ಕಿರಿದು ಮಾಡುವ ಕಾಲಿಮೇಟರ್ ಮುಚ್ಚಿ.
5. ಒಂದರ ಮೇಲೊಂದು ಬಿದ್ದು ಅರ್ಥವಾಗದಿದ್ದರೆ ಕ್ಯಾಮೆರಾವನ್ನು ಸ್ವಲ್ಪ ಓರೆ ಮಾಡಿ ಇನ್ನೊಂದು ಚಿತ್ರ ತೆಗೆಯಿರಿ. ನೇರ ನೋಟದಲ್ಲಿ ಸುತ್ತು ಕೆಲವೊಮ್ಮೆ ಬರೀ ಗಂಟಿನ ಹಾಗೆ ಕಾಣುತ್ತದೆ.

ಕ್ಯಾಥೆಟರ್ ಆಗಲೇ ಮೇಲೆ ಹೋಗಿ ಸಿಕ್ಕಿಕೊಂಡಿದ್ದರೆ ಅದರಿಂದಲೇ ಡೈ ಬಿಡಬಹುದು. ಆದರೆ ಮೊದಲು ಮಾನಿಟರ್‌ನಲ್ಲಿ ಕ್ಯಾಥೆಟರ್ ತುದಿಯ ಪ್ರೆಶರ್ ಅಲೆ ನೋಡಿ. ಅಲೆ ಚಪ್ಪಟೆಯಾಗಿದ್ದರೆ ತುದಿ ಸಣ್ಣ ಕವಲಿನಲ್ಲಿ ಬಿಗಿದು ಕೂತಿದೆ ಅಂತ ಅರ್ಥ. ಅಲ್ಲಿ ಒತ್ತಡದಿಂದ ಡೈ ಬಿಟ್ಟರೆ ಕವಲು ಹರಿಯಬಹುದು. ಹಿಂದಕ್ಕೆ ಎಳೆದು, ಅಲೆ ಸರಿಯಾಗಿ ಬಂದ ಮೇಲೆ ಮಾತ್ರ ಬಿಡಿ.

ಹಂತ 4: ಸ್ಪಾಸ್ಮ್ ಇರಬಹುದಾ?

ಕೈಯಲ್ಲಿ ತಡೆ ಬಂದ ಕೂಡಲೇ "ಸ್ಪಾಸ್ಮ್" (ನಾಳ ಬಿಗಿದುಕೊಂಡಿದೆ) ಅನ್ನುವುದು ನಮ್ಮಲ್ಲಿ ರೂಢಿ. ನೈಟ್ರೋಗ್ಲಿಸರಿನ್ ಮೇಲೆ ನೈಟ್ರೋಗ್ಲಿಸರಿನ್ ಕೊಟ್ಟು ಮತ್ತೆ ಅದೇ ಜಾಗಕ್ಕೆ ತಳ್ಳುತ್ತಾರೆ.

ಸ್ಪಾಸ್ಮ್ ಬಂದರೆ ಮೊದಲು ಸರಾಗವಾಗಿ ಹೋಗುತ್ತಿದ್ದದ್ದು ಆಮೇಲೆ ಬಿಗಿಯುತ್ತದೆ. ಕ್ಯಾಥೆಟರ್ ಹಿಂದೆ ಮುಂದೆ ಸರಿಸಿದಾಗಲೆಲ್ಲ ಕೈ ಉದ್ದಕ್ಕೂ ನೋವು. ಔಷಧಿ ಕೊಟ್ಟು ಒಂದೆರಡು ನಿಮಿಷ ಕಾದರೆ ಸಡಿಲವಾಗುತ್ತದೆ. ಚಿತ್ರದಲ್ಲಿ ನಾಳದ ದಾರಿ ಸರಿಯಾಗೇ ಇದ್ದು, ಉದ್ದಕ್ಕೂ ಸಣ್ಣದಾಗಿ ಕಾಣುತ್ತದೆ. ದಾರಿಯೇ ಬೇರೆ ಇದ್ದರೆ ಮೊದಲ ಸಲದಿಂದಲೇ ಒಂದೇ ಜಾಗದಲ್ಲಿ ತಡೆ. ಔಷಧಿಯಿಂದ ಏನೂ ಬದಲಾಗುವುದಿಲ್ಲ.

ತೊಡಕು ಏನೆಂದರೆ ಎರಡೂ ಒಟ್ಟಿಗೆ ಬರುತ್ತವೆ. ಸುತ್ತಿನಲ್ಲಿ ಅಥವಾ ಸಣ್ಣ ಕವಲಿನಲ್ಲಿ ವೈರ್ ತಿವಿದರೆ ನಾಳ ಬಿಗಿಯದೆ ಇರುತ್ತದಾ? ಸ್ಪಾಸ್ಮ್ ಕಂಡರೂ ಅದರ ಹಿಂದೆ ಬೇರೆ ಕಾರಣ ಇದೆಯಾ ಅಂತ ನೋಡಲೇಬೇಕು. ಒಳ್ಳೆಯ ನಿದ್ರಾಜನಕ, ನೋವಿನ ಔಷಧಿ ಕೊಟ್ಟಿದ್ದೂ ಪದೇ ಪದೇ ಸ್ಪಾಸ್ಮ್ ಆಗುತ್ತಿದ್ದರೆ ನಾನು ಮೊದಲು ಅನುಮಾನಿಸುವುದು ಮೇಲಿನಿಂದ ಕವಲೊಡೆದ ರೇಡಿಯಲ್ ಅನ್ನು.

ವೆರಾಪಮಿಲ್ ಬಗ್ಗೆ ಒಂದು ಎಚ್ಚರಿಕೆ. ಬಿಪಿ ಕಮ್ಮಿ ಇದ್ದವರಿಗೆ, ನಾಡಿ ನಿಧಾನ ಇದ್ದವರಿಗೆ, ಹೃದಯದ ಪಂಪಿಂಗ್ ತೀರಾ ಕಮ್ಮಿ ಇದ್ದವರಿಗೆ ಕೊಡುವ ಮುಂಚೆ ಯೋಚಿಸಿ.

ಹಂತ 5: ಮೊಣಕೈಯ ಮೂರು ಚಿತ್ರಗಳು

ಹೆಚ್ಚಿನ ತೊಂದರೆ ಆಗುವುದು ಇಲ್ಲೇ. ಹಾಗಾಗಿ ನಿಧಾನವಾಗಿ ನೋಡೋಣ.

ಮೇಲಿನಿಂದ ಕವಲೊಡೆದ ರೇಡಿಯಲ್. ಇದು ಎಲ್ಲಕ್ಕಿಂತ ಸಾಮಾನ್ಯ. ಮೊಣಕೈ ಕೆಳಗೆ ಕವಲೊಡೆಯಬೇಕಾದ್ದು ತೋಳಿನ ನಡುವೆ ಅಥವಾ ಕಂಕುಳ ಹತ್ತಿರವೇ ಕವಲೊಡೆದು, ಎರಡು ನಾಳಗಳು ಸಮಾನಾಂತರವಾಗಿ ಇಳಿದಿರುತ್ತವೆ. ಡೈ ಬಿಟ್ಟಾಗ ಮೊಣಕೈಯಲ್ಲಿ ಬ್ರೇಕಿಯಲ್ ತುಂಬುವುದೇ ಇಲ್ಲ. ಒಂದು ಸಣ್ಣ, ನುಣುಪಾದ ನಾಳ ಮೇಲೆ ಮೇಲೆ ಹೋಗಿ ತೋಳಿನ ಮೇಲ್ಭಾಗದಲ್ಲಿ ದೊಡ್ಡ ನಾಳ ಸೇರುತ್ತದೆ. ವೈರ್ ಹೆಚ್ಚಾಗಿ ಸರಾಗವಾಗಿ ಹೋಗುತ್ತದೆ. ತೊಂದರೆ ಬರುವುದು ಕ್ಯಾಥೆಟರ್ ತಿರುಗಿಸುವಾಗ, ಯಾಕೆಂದರೆ ಸಣ್ಣ ನಾಳದ ಉದ್ದಕ್ಕೂ ಅದು ಉಜ್ಜುತ್ತದೆ. ದಾರಿ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. 5 ಫ್ರೆಂಚ್ ಕ್ಯಾಥೆಟರ್ ತೆಗೆದುಕೊಳ್ಳಿ, ಬದಲಾವಣೆ ಕಮ್ಮಿ ಮಾಡಿ, ಹೃದಯದ ಎರಡೂ ಕರೋನರಿ ನಾಳಗಳಿಗೆ ಒಂದೇ ಕ್ಯಾಥೆಟರ್ ಸಾಕಾಗುವುದಾದರೆ ಅದನ್ನೇ ಬಳಸಿ. ಉದ್ದದ ವೈರ್ ಮೇಲೆ ಬದಲಾಯಿಸಿದರೆ ಮತ್ತೆ ಮತ್ತೆ ದಾರಿ ಹುಡುಕಬೇಕಾಗಿಲ್ಲ. ಬಹುತೇಕ ಕೇಸ್‌ಗಳು ಹೀಗೇ ಮುಗಿಯುತ್ತವೆ.

ರೇಡಿಯಲ್ ಸುತ್ತು. ಇಲ್ಲಿ ನಾಳ ಮೊಣಕೈ ಹತ್ತಿರಕ್ಕೆ ಏರಿ, ತಿರುಗಿ ಕೆಳಗಿಳಿದು, ಮತ್ತೆ ತಿರುಗಿ ಬ್ರೇಕಿಯಲ್ ಸೇರುತ್ತದೆ, ಆಗುಂಬೆ ಘಾಟಿಯ ತಿರುವಿನ ಹಾಗೆ. ಈ ಸುತ್ತಿನ ನೆತ್ತಿಯಿಂದ ಒಂದು ಸಣ್ಣ ಕವಲು ನೆಟ್ಟಗೆ ಮೇಲೆ ಹೋಗುತ್ತದೆ. ಅದೇ ರೇಡಿಯಲ್ ರಿಕರೆಂಟ್. ಆ ಕವಲು ಎಲ್ಲರಲ್ಲೂ ಇರುವಂಥದ್ದೇ. ಆದರೆ ಸುತ್ತು ಇದ್ದಾಗ ಅದು ವೈರ್‌ನ ನೇರಕ್ಕೆ ಬಂದು ನಿಲ್ಲುತ್ತದೆ. ವೈರ್‌ಗೆ ತಿರುವು ಕಷ್ಟ, ನೇರ ಸುಲಭ. ಹಾಗಾಗಿ ಅದು ಕವಲಿಗೇ ನುಗ್ಗುತ್ತದೆ.

ಕಲಿಯುವವರು ಹೆಚ್ಚು ಮೋಸ ಹೋಗುವುದು ಇಲ್ಲಿ. ವೈರ್ ಮೊಣಕೈ ದಾಟಿತು, ತೋಳಿಗೆ ಬಂತು, ಎಲ್ಲ ಸರಿ ಇದೆ ಅಂದುಕೊಂಡು ಅದರ ಮೇಲೆ ಕ್ಯಾಥೆಟರ್ ತಳ್ಳುತ್ತಾರೆ. ಕ್ಯಾಥೆಟರ್ ಮೊಣಕೈಯಲ್ಲಿ ನಿಲ್ಲುತ್ತದೆ. ಇನ್ನಷ್ಟು ಜೋರು ಹಾಕಿದರೆ ಕವಲು ಹರಿದು ಮೊಣಕೈ ಊದಿಕೊಳ್ಳುತ್ತದೆ. ಗುರುತಿಸಲು ಮೊದಲೇ ಹೇಳಿದ ಸುಳಿವುಗಳು ಸಾಕು. ವೈರ್ ತೋಳಿನ ಹೊರಮಗ್ಗುಲಲ್ಲಿದೆ, ಸಣ್ಣಗೆ ಅಂಕುಡೊಂಕಾಗಿದೆ, ಜೆ ತುದಿ ಬಾಗಿಲ್ಲ, ಮತ್ತು ರೋಗಿ "ಮೊಣಕೈ ಮೇಲೆ ಸೆಳೀತಾ ಇದೆ" ಅನ್ನುತ್ತಿದ್ದಾರೆ. ನೋವು ಎಲ್ಲಿ ಅಂತ ಕೇಳಿ, ಅವರು ಹೇಳಿದ್ದನ್ನು ನಂಬಿ. ಉದ್ದಕ್ಕೂ ಬಿಗಿದ ಹಾಗಿದೆ ಅಂದರೆ ಸ್ಪಾಸ್ಮ್ ಕಡೆಗೆ, ಒಂದೇ ಕಡೆ ಚುಚ್ಚಿದ ಹಾಗಿದೆ ಅಂದರೆ ಕವಲಿನ ಕಡೆಗೆ ಯೋಚಿಸಿ.

ಸುತ್ತು ದಾಟಬೇಕಾ ಬೇಡವಾ? ನಾಳ ಅಗಲವಾಗಿದ್ದು, ತಿರುವು ದೊಡ್ಡದಿದ್ದು, ರೋಗಿಗೆ ನೋವಿಲ್ಲದಿದ್ದರೆ ಪ್ರಯತ್ನಿಸಬಹುದು. ನುಣುಪಾದ ಲೇಪನವಿರುವ ಸಣ್ಣ ವೈರ್ ಅಥವಾ ಆಂಜಿಯೋಪ್ಲಾಸ್ಟಿಗೆ ಬಳಸುವ 0.014 ಇಂಚಿನ ಮೃದು ವೈರ್ ತೆಗೆದುಕೊಂಡು, ಚಿತ್ರ ಎದುರಿಗಿಟ್ಟುಕೊಂಡು, ತಿರುವಿನಲ್ಲಿ ನಿಧಾನವಾಗಿ ನಡೆಸಿ. ವೈರ್ ಬ್ರೇಕಿಯಲ್‌ನಲ್ಲಿ ಸಾಕಷ್ಟು ಮೇಲೆ ಹೋದ ಮೇಲೆ ಅದರ ಹಿಂದೆ ಸಣ್ಣ ಕ್ಯಾಥೆಟರ್ ತನ್ನಿ. ಆಮೇಲೆ ಎರಡನ್ನೂ ಒಟ್ಟಿಗೆ ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾ ತಿರುಗಿಸಿದರೆ ಕೆಲವು ಸುತ್ತುಗಳು ಬಿಚ್ಚಿ ನೆಟ್ಟಗಾಗುತ್ತವೆ. ನಾಳ ಸಣ್ಣದಿದ್ದರೆ, ಎಳೆದಾಗ ರೋಗಿ ನೋವಿನಿಂದ ಮುಖ ಕಿವುಚಿದರೆ, ಬಿಟ್ಟುಬಿಡಿ. ಎಡಗೈ ಇದೆಯಲ್ಲ. ಒಂದು ಕೈಯಲ್ಲಿ ಸುತ್ತು ಇದ್ದರೆ ಇನ್ನೊಂದರಲ್ಲೂ ಇರಲೇಬೇಕು ಅಂತೇನಿಲ್ಲ.

ಅಂಕುಡೊಂಕು. ಪೂರ್ತಿ ಸುತ್ತಲ್ಲ, ಆದರೆ ಹಾವಿನ ಹಾಗೆ ಹೊರಳಿದ ನಾಳ. ಮೃದು ವೈರ್ ಹೋಗುತ್ತದೆ, ಕ್ಯಾಥೆಟರ್ ಹಿಂಬಾಲಿಸುವುದಿಲ್ಲ. ಕಾರಣ, ಕ್ಯಾಥೆಟರ್‌ನ ಚೂಪಾದ ಅಂಚು ತಿರುವಿನ ಹೊರಗೋಡೆಗೆ ಉಜ್ಜುತ್ತದೆ. ಇದಕ್ಕೆ ಒಂದು ಜಾಣ ಉಪಾಯ ಬಂದದ್ದು ನಮ್ಮ ದೇಶದಿಂದಲೇ. ಅಹಮದಾಬಾದ್‌ನ ತೇಜಸ್ ಪಟೇಲ್ ಮತ್ತು ಸಂಗಡಿಗರು ಬಲೂನ್ ಸಹಾಯದಿಂದ ಕ್ಯಾಥೆಟರ್ ದಾಟಿಸುವ ವಿಧಾನವನ್ನು ವಿವರಿಸಿದರು. 0.014 ವೈರ್ ಮೇಲೆ ಆಂಜಿಯೋಪ್ಲಾಸ್ಟಿ ಬಲೂನ್ ತಂದು, ಅರ್ಧ ಕ್ಯಾಥೆಟರ್ ಒಳಗೆ, ಅರ್ಧ ಹೊರಗೆ ಇರುವಂತೆ ನಿಲ್ಲಿಸಿ ಕಮ್ಮಿ ಒತ್ತಡದಲ್ಲಿ, ಸುಮಾರು 3ರಿಂದ 6 ಅಟ್ಮಾಸ್ಫಿಯರ್‌ಗೆ, ಊದಿಸುತ್ತಾರೆ. 5 ಫ್ರೆಂಚ್‌ಗೆ 1.5 ಮಿಲಿಮೀಟರ್, 6 ಫ್ರೆಂಚ್‌ಗೆ 2 ಮಿಲಿಮೀಟರ್ ಬಲೂನ್. ಆಗ ಚೂಪು ಅಂಚು ಮುಚ್ಚಿಹೋಗಿ ಬಲೂನ್ ಮತ್ತು ಕ್ಯಾಥೆಟರ್ ಒಟ್ಟಿಗೆ ಜಾರುತ್ತವೆ. ಸುತ್ತಿನಲ್ಲೂ, ಸಣ್ಣ ರೇಡಿಯಲ್‌ನಲ್ಲೂ ಇದು ಉಪಯೋಗಕ್ಕೆ ಬರುತ್ತದೆ. ಬಲೂನ್‌ನ ಖರ್ಚು ಇದೆ, ನಿಜ. ಆಂಜಿಯೋಪ್ಲಾಸ್ಟಿ ಹೇಗೂ ಆಗಬೇಕಿದ್ದರೆ ಆ ಖರ್ಚು ದೊಡ್ಡದಲ್ಲ.

ಹಂತ 6: ಭುಜದಿಂದ ಮೇಲೆ

ಮೊಣಕೈ ದಾಟಿದ ಮೇಲೆ ಕಣ್ಣು ಮುಚ್ಚಿ ವೈರ್ ತಳ್ಳಬಾರದು. ಭುಜದ ಹತ್ತಿರ ಬಂದಾಗ ಫ್ಲೋರೋ ಇರಲೇಬೇಕು. ವೈರ್ ಕುತ್ತಿಗೆ ಕಡೆ ನೆಟ್ಟಗೆ ಏರಿದರೆ ಅದು ಮೆದುಳಿಗೆ ಹೋಗುವ ಕ್ಯಾರೊಟಿಡ್ ಅಥವಾ ವರ್ಟಿಬ್ರಲ್. ಎದೆಮೂಳೆಯ ಪಕ್ಕದಲ್ಲಿ ನೆಟ್ಟಗೆ ಇಳಿದರೆ ಇಂಟರ್ನಲ್ ಮ್ಯಾಮರಿ. ತಕ್ಷಣ ಹಿಂದಕ್ಕೆ ಬನ್ನಿ.

ಸಬ್‌ಕ್ಲೇವಿಯನ್ ಮತ್ತು ಇನ್ನಾಮಿನೇಟ್ ಹೊರಳಿಕೊಂಡಿರುವುದು ವಯಸ್ಸಾದವರಲ್ಲಿ ಸಾಮಾನ್ಯ. "ಜೋರಾಗಿ ಉಸಿರು ಒಳಗೆ ಎಳ್ಕೊಂಡು ಹಿಡೀರಿ" ಅಂದರೆ ನಾಳ ಸ್ವಲ್ಪ ನೆಟ್ಟಗಾಗಿ ವೈರ್ ಅಯೋರ್ಟಾಗೆ ಇಳಿಯುತ್ತದೆ. ಈ ಮಾತನ್ನು ಟೇಬಲ್‌ಗೆ ಬರುವ ಮುಂಚೆ ಒಂದು ಸಲ ಅಭ್ಯಾಸ ಮಾಡಿಸಿ. ಆ ಹೊತ್ತಿನಲ್ಲಿ ಹೊಸದಾಗಿ ಹೇಳಿದರೆ ಅಜ್ಜ ಅಜ್ಜಿಯರಿಗೆ ಗಾಬರಿಯಾಗುತ್ತದೆ.

ಬಲಗೈಯಿಂದ ಹೋದ ವೈರ್ ಮತ್ತೆ ಮತ್ತೆ ಕೆಳಗಿಳಿಯುವ ಅಯೋರ್ಟಾಗೇ ಬೀಳುತ್ತಿದ್ದರೆ? ಉಸಿರು ಎಳೆದರೂ, ಕ್ಯಾಥೆಟರ್ ತಿರುಗಿಸಿದರೂ ಹೃದಯದ ಕಡೆಗೆ ಬರುತ್ತಿಲ್ಲ. ಆಗ ಆರ್ಟೀರಿಯಾ ಲುಸೋರಿಯಾ ನೆನಪಾಗಬೇಕು. ಸಾಮಾನ್ಯವಾಗಿ ಬಲ ಸಬ್‌ಕ್ಲೇವಿಯನ್ ಅಯೋರ್ಟಾ ಕಮಾನಿನ ಮೊದಲ ಕವಲಿನಿಂದ ಹೊರಡುತ್ತದೆ. ಲುಸೋರಿಯಾ ಇದ್ದವರಲ್ಲಿ ಅದು ಎಡ ಸಬ್‌ಕ್ಲೇವಿಯನ್‌ನ ನಂತರ, ಕೊನೆಯ ಕವಲಾಗಿ ಹೊರಟು, ಎಡದಿಂದ ಬಲಕ್ಕೆ ದಾಟಿ ಬರುತ್ತದೆ. ಐವರಲ್ಲಿ ನಾಲ್ವರಲ್ಲಿ ಅದು ಅನ್ನನಾಳದ ಹಿಂದಿನಿಂದ ಹಾದುಹೋಗುತ್ತದೆ. ಊಟ ನುಂಗುವ ಪ್ರಶ್ನೆ ಕೇಳಿದ್ದು ಇದಕ್ಕೇ. ಹಾಗಂತ ಬಹುಪಾಲು ಜನರಿಗೆ ಯಾವ ತೊಂದರೆಯೂ ಇರುವುದಿಲ್ಲ. "ಇಲ್ಲ" ಅಂದ ಮಾತ್ರಕ್ಕೆ ಲುಸೋರಿಯಾ ಇಲ್ಲ ಅಂತ ತೀರ್ಮಾನಿಸಬೇಡಿ.

ಗುರುತಿಸುವುದಕ್ಕೆ ಕ್ಯಾಮೆರಾವನ್ನು ಎಡ ಓರೆ ಕೋನಕ್ಕೆ, 40ರಿಂದ 45 ಡಿಗ್ರಿಗೆ, ತಿರುಗಿಸಿ. ಕಮಾನು ಬಿಡಿಸಿಕೊಂಡು ಕಾಣುತ್ತದೆ. ಕ್ಯಾಥೆಟರ್ ಕಮಾನಿನ ಕೊನೆಯ ತುದಿಯಿಂದ ಒಳಗೆ ಬರುತ್ತಿದ್ದರೆ, ಹೃದಯದ ಕಡೆ ಹೋಗಲು ಹಿಮ್ಮುಖವಾಗಿ ಕಡಿದಾದ ತಿರುವು ತೆಗೆದುಕೊಳ್ಳಬೇಕಾಗಿದ್ದರೆ, ಅದು ಲುಸೋರಿಯಾ. ಸ್ವಲ್ಪ ಡೈ ಬಿಟ್ಟರೆ ಖಚಿತವಾಗುತ್ತದೆ. ಬರೀ ಹೊರಳಿದ ಇನ್ನಾಮಿನೇಟ್ ಆಗಿದ್ದರೆ ನಾಳ ಎಷ್ಟೇ ಸುತ್ತಿದರೂ ಕಮಾನಿನ ಮೊದಲ ಭಾಗಕ್ಕೇ ಬಂದು ಸೇರುತ್ತದೆ.

ಲುಸೋರಿಯಾದಲ್ಲೂ ಬಲಗೈಯಿಂದಲೇ ಕೆಲಸ ಮುಗಿಸುವವರಿದ್ದಾರೆ. ತುದಿ ಬಾಗಿದ ಕ್ಯಾಥೆಟರ್‌ನಿಂದ ನುಣುಪು ವೈರನ್ನು ಹೃದಯದ ಕಡೆಗೆ ತಿರುಗಿಸಿ, ಒಮ್ಮೆ ಹೋದ ಮೇಲೆ 260 ಸೆಂಟಿಮೀಟರ್ ಉದ್ದದ ವೈರ್ ಮೇಲೆ ಕ್ಯಾಥೆಟರ್ ಬದಲಾಯಿಸುತ್ತಾರೆ. ಆದರೆ ತಿರುವಿನಿಂದಾಗಿ ಕ್ಯಾಥೆಟರ್ ಕೈ ಮಾತು ಕೇಳುವುದಿಲ್ಲ. ಡೈ ಜಾಸ್ತಿ, ವಿಕಿರಣ ಜಾಸ್ತಿ, ಕಮಾನಿನ ಗೋಡೆಗೆ ಪೆಟ್ಟಾಗುವ ಅಪಾಯವೂ ಇದೆ. ಗುರುತಿಸಿದ ಮೇಲೆ ಎಡಗೈಗೆ ಹೋಗುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಎಡಗೈಯ ದಾರಿಗೆ ಈ ತೊಂದರೆ ತಟ್ಟುವುದಿಲ್ಲ.

ಯಾವಾಗ ಬಿಡಬೇಕು?

ಹೃದಯಾಘಾತ ಆಗಿ ಬಂದವರಲ್ಲಿ ಪ್ರತಿ ನಿಮಿಷವೂ ಹೃದಯದ ಸ್ನಾಯುವಿನ ಲೆಕ್ಕ. ಅಲ್ಲಿ ಸುತ್ತು ಬಿಚ್ಚುತ್ತಾ ಕೂರಬಾರದು. ಚಿತ್ರ ತೆಗೆದು, ಕಷ್ಟದ ದಾರಿ ಅಂತ ಗೊತ್ತಾದ ಕೂಡಲೇ ಎಡಗೈ ಅಥವಾ ತೊಡೆಸಂದಿಗೆ ಬದಲಾಯಿಸಿ. ಮುಂಚಿತವಾಗಿ ನಿಗದಿ ಮಾಡಿದ ಕೇಸ್‌ನಲ್ಲೂ ನೋವು ಏರುತ್ತಿದ್ದರೆ, ಡೈ ಹೊರಗೆ ಹರಡಿದ ಹಾಗೆ ಕಂಡರೆ, ನಾಳದ ಗೋಡೆ ಸೀಳಿದ ಹಾಗೆ ಕಂಡರೆ ಮುಂದುವರಿಯಬೇಡಿ. ದಾರಿ ಬದಲಾಯಿಸುವುದು ಸೋಲಲ್ಲ. ಆ ಮಾತನ್ನು ಹಿರಿಯರು ಕಿರಿಯರಿಗೆ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ಅವರು ಹೆದರಿ ತಳ್ಳುತ್ತಲೇ ಇರುತ್ತಾರೆ.

ಡೈ ಹೊರಗೆ ಸೋರಿದರೆ ತಕ್ಷಣ ಹಿರಿಯರನ್ನು ಕರೆಯಿರಿ. ವೈರ್ ಸರಿಯಾದ ದಾರಿಯಲ್ಲಿ ಆಗಲೇ ದಾಟಿದ್ದರೆ ಅದನ್ನು ತೆಗೆಯುವ ಮುಂಚೆ ಯೋಚಿಸಿ. ಅದರ ಮೇಲೆ ಹೋದ ಕ್ಯಾಥೆಟರ್ ಅಥವಾ ಉದ್ದದ ಶೀತ್ ಒಳಗಿನಿಂದ ಒತ್ತಿ ರಂಧ್ರ ಮುಚ್ಚುವುದುಂಟು. ದಾಟಿಲ್ಲದಿದ್ದರೆ ಹೊರಗಿನಿಂದ ಒತ್ತು ಕೊಡಬೇಕು. ಬಿಪಿ ಪಟ್ಟಿ ಕಟ್ಟಿ ಊದಿಸುವುದು, ಎಲಾಸ್ಟಿಕ್ ಬ್ಯಾಂಡೇಜ್ ಸುತ್ತುವುದು, ಹೆಪಾರಿನ್ ನಿಲ್ಲಿಸುವುದು ಅಥವಾ ಅದರ ಪರಿಣಾಮ ಇಳಿಸುವುದು, ಇವೆಲ್ಲ ಹಿರಿಯರ ತೀರ್ಮಾನ.

ಹಂತ 7: ಟೇಬಲ್‌ನಿಂದ ಇಳಿದ ಮೇಲೆ

ಕಷ್ಟಪಟ್ಟು ದಾಟಿದ ಕೈಯನ್ನು ವಾರ್ಡ್‌ನಲ್ಲಿ ಮರೆಯಬಾರದು. ಎಲ್ಲರೂ ಮಣಿಕಟ್ಟಿನ ಬ್ಯಾಂಡ್ ನೋಡುತ್ತಾರೆ, ಮೊಣಕೈ ಯಾರೂ ಮುಟ್ಟಿ ನೋಡುವುದಿಲ್ಲ. ಕವಲಿಗೆ ಪೆಟ್ಟಾಗಿದ್ದರೆ ಊತ ಅಲ್ಲೇ ಬರುವುದು. ವಾರ್ಡ್‌ಗೆ ಕಳಿಸುವಾಗ ಸಿಸ್ಟರ್‌ಗೆ ಬಾಯಲ್ಲೇ ಹೇಳಿ: "ಇವರ ಮೊಣಕೈ, ತೋಳು ಕೂಡ ನೋಡ್ತಾ ಇರಿ." ಕೈ ಗಟ್ಟಿಯಾಗುತ್ತಿದ್ದರೆ, ಬೆರಳು ಜೋಮು ಹಿಡಿದರೆ, ಬೆರಳು ನೆಟ್ಟಗೆ ಮಾಡಿದಾಗ ತಡೆಯಲಾಗದ ನೋವಿದ್ದರೆ ಕಾಯಬೇಡಿ. ಮಾಂಸಖಂಡದ ಒಳಗೆ ಒತ್ತಡ ಏರುತ್ತಿರಬಹುದು, ಗಂಟೆಗಳಲ್ಲೇ ಕೈಗೆ ಶಾಶ್ವತ ಹಾನಿ ಆಗಬಹುದು. ನಾಡಿ ಸಿಗುತ್ತಿದೆ ಅಂತ ಸಮಾಧಾನ ಪಡುವಂತಿಲ್ಲ.

ಕೊನೆಗೆ, ಕಂಡದ್ದನ್ನು ಬರೆಯಿರಿ. "ರೇಡಿಯಲ್ ಆಗಲಿಲ್ಲ, ಫೀಮರಲ್‌ನಿಂದ ಮಾಡಲಾಯಿತು" ಅಂತ ರಿಪೋರ್ಟ್‌ನಲ್ಲಿ ಬರೆದರೆ ಮುಂದಿನವರಿಗೆ ಏನು ತಿಳಿಯುತ್ತದೆ? ಯಾವ ಕೈ, ಯಾವ ಮಟ್ಟದಲ್ಲಿ, ಯಾವ ವ್ಯತ್ಯಾಸ, ಯಾವ ವೈರ್ ಮತ್ತು ಕ್ಯಾಥೆಟರ್‌ನಿಂದ ದಾಟಿತು ಅಥವಾ ದಾಟಲಿಲ್ಲ ಅಂತ ಬರೆಯಿರಿ. ಕೈಯ ಚಿತ್ರವನ್ನು ಕರೋನರಿ ಚಿತ್ರಗಳ ಜೊತೆಗೇ ಸಿಡಿಗೆ ಹಾಕಿಸಿ. ರೋಗಿಗೂ ಮನೆಯವರಿಗೂ ಅವರ ಮಾತಲ್ಲೇ ಹೇಳಿ: "ನಿಮ್ಮ ಬಲಗೈ ರಕ್ತನಾಳದಲ್ಲಿ ಹುಟ್ಟಿನಿಂದ ಒಂದು ಸುತ್ತು ಇದೆ. ಇದು ಕಾಯಿಲೆ ಅಲ್ಲ. ಮುಂದೆ ಆಂಜಿಯೋಗ್ರಾಂ ಆಗಬೇಕಾದ್ರೆ ಮೊದಲೇ ಈ ವಿಷಯ ತಿಳಿಸಿ."

ಲುಸೋರಿಯಾ ಕಂಡಿದ್ದರೆ ಇನ್ನೊಂದು ಸಾಲು ಸೇರಿಸಿ. ಬಲಗಡೆ ಧ್ವನಿಪೆಟ್ಟಿಗೆಗೆ ಹೋಗುವ ನರ ಸಾಮಾನ್ಯವಾಗಿ ಬಲ ಸಬ್‌ಕ್ಲೇವಿಯನ್ ಅನ್ನು ಸುತ್ತಿ ಮೇಲೆ ಬರುತ್ತದೆ. ಲುಸೋರಿಯಾ ಇದ್ದವರಲ್ಲಿ ಆ ನರ ಹಾಗೆ ಸುತ್ತುವುದಿಲ್ಲ, ಕುತ್ತಿಗೆಯಲ್ಲೇ ನೇರವಾಗಿ ಧ್ವನಿಪೆಟ್ಟಿಗೆಗೆ ಹೋಗುತ್ತದೆ. ಥೈರಾಯ್ಡ್ ಆಪರೇಷನ್ ಮಾಡುವ ಸರ್ಜನ್‌ಗೆ ಇದು ಮುಂಚೆಯೇ ಗೊತ್ತಿದ್ದರೆ ನರವನ್ನು ಹುಡುಕುವ ಜಾಗವೇ ಬದಲಾಗುತ್ತದೆ. ಹಾಗಾಗಿ ಡಿಸ್ಚಾರ್ಜ್ ಸಾರಾಂಶದಲ್ಲಿ, ಎದ್ದು ಕಾಣುವ ಜಾಗದಲ್ಲಿ, "ಬಲ ಸಬ್‌ಕ್ಲೇವಿಯನ್ ಕೊನೆಯ ಕವಲಾಗಿ ಹೊರಟಿದೆ, ಕುತ್ತಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಗಮನಿಸಿ" ಅಂತ ಬರೆದು, ಆ ಹಾಳೆಯ ಒಂದು ಪ್ರತಿ ರೋಗಿಯ ಮನೆಯಲ್ಲೂ ಇರುವಂತೆ ನೋಡಿಕೊಳ್ಳಿ.